ಹೆರಿಗೆ ಕೋಣೆಯಲ್ಲಿ ರೊಟ್ಟಿ ಬಡಿದದ್ದು

ನಾನು ಹುಟ್ಟಿದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅದನ್ನು ಹೇಳುವ ಹಕ್ಕು ಮಾತ್ರ ನಮ್ಮ ಸೋದರತ್ತೆಯದು, ಅಂದರೆ ಅಪ್ಪನ ತಂಗಿಯದು. ಬಸುರಿಗೆ ಮಾಡುವ ಕುಬಸ ಇರಲಿ, ಕೂಸಿನ ತೊಟ್ಟಿಲು ಇರಲಿ, ಹೊಸ ಫ್ರಿಜ್ಜಿಗೆ ಕುಂಕುಮ ಹಚ್ಚುವುದೇ ಇರಲಿ, ನಾಲ್ಕು ಜನ ಹೆಂಗಸರು ಸೇರಿ ಚಹಾ ಕುದಿಯುವಷ್ಟರಲ್ಲಿ ಆಕೆ ಶುರು ಮಾಡುತ್ತಿದ್ದಳು. ನಾನು ಹುಟ್ಟುವಾಗ ನಮ್ಮ ಅವ್ವ ಬೆಂಗೇರಿಯ ಮನೆಯ ಹಿಂದಿನ ಕೋಣೆಯಲ್ಲಿ ಒದರಿದ್ದು ಇಡೀ ಓಣಿಗೆ ಹೇಗೆ ಕೇಳಿಸಿತು ಎಂಬುದೇ ಆ ಕಥೆ. ಮೊದಮೊದಲು ಆ ಕೂಗಿಗೆ ಬಾಜೂಮನೆಯ ಎಮ್ಮೆಯೊಂದೇ ಕಣ್ಣಿ ಹರಿದುಕೊಂಡು ಓಡುತ್ತಿತ್ತು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಮೂಲೆಯ ಶಾಲೆಯ ಮಾಸ್ತರರು ಗಾಬರಿಯಾಗಿ ಗಂಟೆ ಹೊಡೆಸಿ ಹುಡುಗರನ್ನು ಮನೆಗೆ ಬಿಟ್ಟಿದ್ದರು. ನನ್ನ ಮದುವೆಯ ಹೊತ್ತಿಗೆ ಒಂದು ಲಾರಿಯೂ ಬ್ರೇಕ್ ಹಾಕಿ ನಿಂತಿತ್ತು. ನಮ್ಮ ಓಣಿಯಲ್ಲಿ ಲಾರಿಯ ಮಾತು ಬಿಡಿ, ಎದುರಾಬದುರು ಎರಡು ಸೈಕಲ್ ದಾಟುವುದೇ ಕಷ್ಟ. ಕಡ್ಡಿಯನ್ನು ಗುಡ್ಡ ಮಾಡುವವರಿಗೆ ಓಣಿಯ ಅಗಲ ಯಾವ ಲೆಕ್ಕ?

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವ್ವನೂ ಒಂದಿಷ್ಟು ನಕ್ಕಂತೆ ಮಾಡಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ನಾನೂ ನಗುತ್ತಿದ್ದೆ. ಆದರೆ ಒಳಗೊಳಗೇ ಅಂಜುತ್ತಿದ್ದೆ. ಯಾಕೆಂದರೆ ನಮ್ಮ ಅವ್ವ ಒದರುವ ಹೆಂಗಸಲ್ಲ. ಆಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ಕಾದ ಹಂಚಿಗೆ ಬೆರಳು ಹತ್ತಿದರೆ ಆ ಬೆರಳನ್ನು ಒಮ್ಮೆ ನೋಡಿ, ಕಿವಿಯ ತುದಿಗೆ ಹಚ್ಚಿಕೊಂಡು, ಮುಂದಿನ ಹಿಟ್ಟಿನ ಉಂಡೆಗೆ ಕೈ ಹಾಕುತ್ತಾಳೆ. ಒಮ್ಮೆ ರುಬ್ಬುವ ಗುಂಡು ಉರುಳಿ ಅವಳ ಕಾಲ ಮೇಲೆ ಬಿದ್ದಾಗ ಆಕೆ ಆಡಿದ್ದು "ಇದನ್ನ ಸರಸು" ಎಂಬ ಒಂದೇ ಮಾತು. ಅಂಥವಳು ಅವತ್ತು ಹಾಗೆ ಒದರಿದ್ದಳೆಂದರೆ ಹೆರಿಗೆ ನೋವು ಎಂಥದ್ದಿರಬೇಕು? ನಾನು ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಪುರಾವೆ ನೋಡಿ ತೀರ್ಮಾನಕ್ಕೆ ಬರುವುದು ನನ್ನ ಕಸುಬು, ಮತ್ತು ಪುರಾವೆ ನಮ್ಮ ಅಡುಗೆಮನೆಯಲ್ಲೇ ಕೂತಿತ್ತು. ಬಸುರಿಯಾದ ಮೇಲೆ ಎಲ್ಲರೂ ಗಂಡೋ ಹೆಣ್ಣೋ ಎಂದು ಯೋಚಿಸುತ್ತಿದ್ದರೆ ನಾನು ಆ ಎಮ್ಮೆಯ ಬಗ್ಗೆ ಯೋಚಿಸುತ್ತಿದ್ದೆ. ಅವ್ವನಿಗೇ ತಾಳಲು ಆಗದ್ದು ನನಗೆ ಆಗುತ್ತದೆಯೇ ಎಂಬ ಹೆದರಿಕೆ ನನ್ನನ್ನು ತಿಂದುಹಾಕುತ್ತಿತ್ತು.

ಹೀಗಿರುವಾಗ ಹಿಪ್ನೋಬರ್ಥಿಂಗ್ ಎಂಬ ಮಾತು ಫೋನಿನಲ್ಲಿ ಕಣ್ಣಿಗೆ ಬಿತ್ತು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿ ಅವತ್ತೇ ಸೇರಿಕೊಂಡೆ. ವಾರಕ್ಕೊಮ್ಮೆ ಫೋನಿನಲ್ಲೇ ಪಾಠ. ಕಲಿಸುವಾಕೆ ಯಾವ ಊರಿನವಳೋ ಗೊತ್ತಿಲ್ಲ, ದನಿಗೆ ಮಾತ್ರ ಬೆಣ್ಣೆ ಸವರಿದಂತಿತ್ತು. ಆಕೆ ಹೇಳಿದ್ದು ಇಷ್ಟು: ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ, ಹೆಚ್ಚಿದರೆ ಮತ್ತೆ ಹೆದರಿಕೆ. ಈ ಸುತ್ತನ್ನು ಮುರಿಯಲು ಮೊದಲೇ ಮೈಗೆ ರೂಢಿ ಮಾಡಿಸಬೇಕು. ದಿನವೂ ಒಂದೇ ಹೊತ್ತಿಗೆ, ಒಂದೇ ದನಿ ಕೇಳುತ್ತ, ಉಸಿರು ಉದ್ದ ಬಿಡುತ್ತ, ದವಡೆ ಸಡಿಲಿಸಿ ಮಲಗಬೇಕು. ಹೆರಿಗೆಯ ದಿನ ಆ ದನಿ ಕಿವಿಗೆ ಬಿದ್ದರೆ ಸಾಕು, ಮೈ ತಾನಾಗಿ ಸಡಿಲವಾಗುತ್ತದೆ. ವಿಜ್ಞಾನ ಓದಿದ ನನಗೆ ಇದು ಸರಿ ಅನ್ನಿಸಿತು. ನಾಯಿಗೆ ಗಂಟೆ ಬಾರಿಸಿ ಜೊಲ್ಲು ಸುರಿಸಬಹುದಾದರೆ ನನಗೇನು ಧಾಡಿ?

ಇನ್ನೊಂದು ಕಟ್ಟಳೆ ಇತ್ತು. 'ನೋವು' ಎಂಬ ಮಾತನ್ನು ಬಾಯಲ್ಲಿ ಆಡಕೂಡದು. ಅದರ ಬದಲು 'ಅಲೆ' ಎನ್ನಬೇಕು. ಅಲೆ ಏಳುತ್ತದೆ, ತುಂಬುತ್ತದೆ, ಇಳಿದು ಹೋಗುತ್ತದೆ, ನೀವು ದಂಡೆಯಲ್ಲಿ ನಿಂತು ನೋಡುತ್ತಿರಿ ಎಂದು ಆಕೆ ಮೃದುವಾಗಿ ಹೇಳುತ್ತಿದ್ದಳು. ಅಡಚಣೆ ಎಂದರೆ, ನಾನು ಜನ್ಮದಲ್ಲಿ ಒಂದೇ ಸಲ ಸಮುದ್ರ ನೋಡಿದ್ದೆ. ಆಗ ಒಂದು ಅಲೆ ಬಂದು ನನ್ನ ಎಡಗಾಲಿನ ಹೊಸ ಚಪ್ಪಲಿ ಎಳೆದುಕೊಂಡು ಹೋಗಿತ್ತು. ಕಣ್ಣುಮುಚ್ಚಿ ಅಲೆ ನೆನೆಸಿಕೊಂಡಾಗಲೆಲ್ಲ ಆ ಚಪ್ಪಲಿ ತೇಲಿ ಬಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕಾಲೇಜಿನ ಹುಡುಗರು ನನಗಿಟ್ಟ ಅಡ್ಡಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಕುಬಸ ಮುಗಿದ ಮೇಲೆ ಧಾರವಾಡದ ಸಪ್ತಾಪುರದ ಬಾಡಿಗೆ ಮನೆಯಿಂದ ಬೆಂಗೇರಿಗೆ ಬಂದು ಬಿದ್ದೆ. ಬಂದ ದಿನವೇ ಈ ಮನೆಯಲ್ಲಿ ಇನ್ನು ಮೇಲೆ ಯಾರೂ 'ಬ್ಯಾನಿ' ಎನ್ನಬಾರದು ಎಂದು ಹುಕುಂ ಹೊರಡಿಸಿದೆ. ನಮ್ಮ ಕಡೆ ಹೆರಿಗೆ ನೋವಿಗೆ ಹಾಗೇ ಅನ್ನುತ್ತೇವೆ. ಬ್ಯಾನಿ ಬರುವುದಿಲ್ಲ, ಬ್ಯಾನಿ ತಿನ್ನಬೇಕು, ಅದೂ ಊಟದ ಹಾಗೆ. ಅವ್ವ ಹಿಟ್ಟು ನಾದುತ್ತಲೇ ಕೇಳಿದಳು, ಹಾಗಾದರೆ ಏನನ್ನಬೇಕು ಎಂದು. ಅಲೆ ಎಂದೆ. ಉಣಕಲ್ ಕೆರೆಯಲ್ಲೇ ಸರಿಯಾಗಿ ಅಲೆ ಏಳುವುದಿಲ್ಲ, ನಿನ್ನ ಹೊಟ್ಟೆಯಲ್ಲಿ ಎಲ್ಲಿಂದ ಏಳಬೇಕು ಎಂದಳು. ಸೋದರತ್ತೆ ಅದೇ ಓಣಿಯಲ್ಲೇ ಇರುವುದು. ಹಿಪ್ನಾಟಿಸಂ ಎಂದರೆ ಮಾಟ ಮಾಡಿಸುವುದೆಂದು ತಿಳಿದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿ ಹೋದಳು.

ಕೇಳಿಸಿಕೊಳ್ಳುವ ದನಿ ಗಂಡನದ್ದಾದರೆ ಒಳ್ಳೆಯದು ಎಂದು ಕಲಿಸುವಾಕೆ ಹೇಳಿದ್ದಳು. ನನ್ನ ಗಂಡ ಶಿರಗುಪ್ಪಿಯ ಒಕ್ಕಲುತನದ ಮನೆಯವನು, ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮನುಷ್ಯ ಬಂಗಾರದಂಥವನು. ಆದರೆ ದನಿ ಮೈದಾನದ ಈ ತುದಿಯಿಂದ ಆ ತುದಿಗೆ ಮುಟ್ಟಲೆಂದೇ ಬೆಳೆದದ್ದು. ಒಂದು ಭಾನುವಾರ ಮಧ್ಯಾಹ್ನ ಧಾರವಾಡದಿಂದ ಬಂದು, ಅಡುಗೆಮನೆಗೆ ಹತ್ತಿದ ಕೋಣೆಯಲ್ಲಿ ಕೂತು, ಕಾಗದ ಹಿಡಿದು ಓದಿ ಫೋನಿನಲ್ಲಿ ತುಂಬಿಸಿದ. "ಉಸಿರು ತಗೋ!" "ಬಿಡು!" "ಭುಜ ಸಡಿಲ!" ನೀನು ಹೂವಿನಂತೆ ಅರಳುತ್ತಿದ್ದೀಯೆ ಎಂಬ ವಾಕ್ಯವನ್ನೂ ಆತ ಹುಡುಗರನ್ನು ಸಾಲಾಗಿ ನಿಲ್ಲಿಸುವ ಧಾಟಿಯಲ್ಲೇ ಹೇಳಿದ. ಹಿಂದುಗಡೆ ಅವ್ವ ರೊಟ್ಟಿ ಬಡಿಯುವ ಪಟ ಪಟ ಸದ್ದು ಉದ್ದಕ್ಕೂ ಸೇರಿಕೊಂಡಿತ್ತು. ಸ್ವಲ್ಪ ಹೊತ್ತು ನಿಲ್ಲಿಸು ಎಂದು ಕೇಳಿದ್ದಕ್ಕೆ, ಖಾನಾವಳಿಯವರು ನಿನ್ನ ಅಲೆ ಬಡಿಸುತ್ತಾರೇನು ಎಂದು ಕೇಳಿ ಆಕೆ ತನ್ನ ಕೆಲಸ ಮುಂದುವರಿಸಿದ್ದಳು.

ದಿನವೂ ಮಧ್ಯಾಹ್ನ ಊಟವಾದ ಮೇಲೆ ಆ ಧ್ವನಿಮುದ್ರಣ ಹಚ್ಚಿ ಎಡಮಗ್ಗುಲಿಗೆ ಮಲಗುತ್ತಿದ್ದೆ. ಅದು ಅವ್ವ ರೊಟ್ಟಿಗೆ ಕೂರುವ ಹೊತ್ತು. ಮೊದಲ ದಿನಗಳಲ್ಲಿ ಗಂಡನ ಆಜ್ಞೆಗೆ ಸಡಿಲವಾಗುವ ಬದಲು ಎದ್ದು ನಿಂತು ಕೈಕಾಲು ಜೋಡಿಸಬೇಕು ಅನ್ನಿಸುತ್ತಿತ್ತು. ಪರಿಣಾಮ ಮೊದಲು ಕಂಡದ್ದು ನಮ್ಮ ಅಪ್ಪನ ಮೇಲೆ. ಅಪ್ಪ ಆಯುಷ್ಯವೆಲ್ಲ ಲೇಥ್ ಮಷಿನ್ನಿನ ಮುಂದೆ ದುಡಿದು, ನಿದ್ದೆ ಕಳೆದುಕೊಂಡು ನಿವೃತ್ತನಾದ ಮನುಷ್ಯ. ಪಡಸಾಲೆಯ ಮಂಚದ ಮೇಲೆ ಪೇಪರ್ ಓದುತ್ತ ಮಲಗಿದವನು, "ಸೊಂಟ ಸಡಿಲ! ಮಗು ಕೆಳಗ ಇಳಿಯಾಕತ್ತೈತಿ!" ಎಂಬಲ್ಲಿಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ವರ್ಷಾನುಗಟ್ಟಲೆ ಇದ್ದ ಬೆನ್ನುನೋವೂ ಕಡಿಮೆಯಾಯಿತೆಂದು ಅಳಿಯನನ್ನು ಹೊಗಳಿದ. ಒಂದು ದಿನ ನಾನು ಮರೆತರೆ ಬಾಗಿಲಿಗೆ ಬಂದು ನಿಂತು, ಇವತ್ತು ಹೆರಿಗೆ ಹಚ್ಚುವುದಿಲ್ಲವೇ ಎಂದು ಕೇಳುತ್ತಿದ್ದ.

ಬರಬರುತ್ತ ನನಗೂ ಹತ್ತಿತು. ಎಂಟನೇ ತಿಂಗಳು ಮುಗಿಯುವಷ್ಟರಲ್ಲಿ ಮಲಗಿದ ಕೂಡಲೇ ದವಡೆ ಬಿಡುತ್ತಿತ್ತು, ಬೆರಳು ಜೋಲುತ್ತಿದ್ದವು, ಚಪ್ಪಲಿಯೂ ಎಲ್ಲೋ ದೂರ ತೇಲಿ ಹೋಗುತ್ತಿತ್ತು. ಗಂಡನ ದನಿಗೆ ಕೊನೆಗೂ ಮೈ ಒಗ್ಗಿತು ಎಂದು ನಾನು ಖುಷಿಪಟ್ಟೆ.

ಹೆರಿಗೆ ಕೋಣೆಯಲ್ಲಿ ಗಂಡನೇ ಜೊತೆಗಿರುವುದೆಂದು ನಿಶ್ಚಯವಾಗಿತ್ತು. ಡಾಕ್ಟರೂ ಆಗಲಿ ಎಂದಿದ್ದರು. ನಾನು ಸುಮ್ಮನೆ ಮಾತಿಗೆಂದು ಅವ್ವನನ್ನೂ ಕೇಳಿದೆ, ಬೇಕಾದರೆ ನೀನೂ ಒಳಗೆ ಬರುತ್ತೀಯಾ ಎಂದು. ಅವಳ ಕೈ ಹಿಟ್ಟಿನಲ್ಲೇ ನಿಂತಿತು.

"ನಾ ಒಳಗ ಬರಂಗಿಲ್ಲ," ಎಂದಳು. "ಹೊರಗ ಎಷ್ಟ ಹೊತ್ತರ ಕುಂಡರ್ತೇನಿ. ಒಳಗ ಮಾತ್ರ ಕರೀಬ್ಯಾಡ."

ಯಾಕೆ ಎಂದರೆ ಮತ್ತೆ ಹಿಟ್ಟು ನಾದತೊಡಗಿದಳು. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಇಷ್ಟು ವರ್ಷಗಳ ಮೇಲೂ ಆ ಕೋಣೆಯ ಹೊಸ್ತಿಲು ಮೆಟ್ಟಲು ಈಕೆ ಅಂಜುತ್ತಾಳೆಂದರೆ, ನನ್ನ ಪುರಾವೆ ಇನ್ನಷ್ಟು ಗಟ್ಟಿಯಾಯಿತು. ಅವತ್ತು ಎರಡು ಸಲ ಧ್ವನಿಮುದ್ರಣ ಹಚ್ಚಿದೆ. ಅಪ್ಪನಿಗೆ ಹಬ್ಬವಾಯಿತು.

ದಿನ ತುಂಬಿ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಸೊಂಟದಿಂದ ಏನೋ ಸುತ್ತಿ ಬಂದು ಹೊಟ್ಟೆಯನ್ನು ಹಿಂಡಿ ಬಿಟ್ಟಿತು. ಅಲೆ, ಅಲೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅದು ಬಿಡುವುದಕ್ಕಿಂತ ಹಿಡಿಯುವುದೇ ಹೆಚ್ಚಾಯಿತು. ನನಗೆ ಇನ್ನೂ ಎರಡು ಪಾಠ ಬಾಕಿ ಇವೆ, ನಾನು ತಯಾರಾಗಿಲ್ಲ ಎಂದು ಅವ್ವನ ಮುಂದೆ ಅಳುವ ದನಿ ತೆಗೆದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಆಕೆ ನಾದಿದ ಹಿಟ್ಟಿನ ಮೇಲೆ ಪರಾತ ಬೋರಲು ಹಾಕಿ ಎದ್ದಳು. ನನಗೆ ಬುದ್ಧಿ ಬಂದಾಗಿನಿಂದ ಖಾನಾವಳಿಗೆ ರೊಟ್ಟಿ ತಪ್ಪಿದ್ದು ಅವತ್ತೇ ಮೊದಲು.

ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಡ ಧಾರವಾಡದಿಂದ ಗಾಡಿ ಓಡಿಸಿಕೊಂಡು ಬಂದಿದ್ದ. ಕುತ್ತಿಗೆಯಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು. ಸುಗಂಧದ ಎಣ್ಣೆ, 'ನಾನು ಶಾಂತಳಾಗಿದ್ದೇನೆ' ಎಂದು ಬರೆದ ಚೀಟಿ, ಬಿಸಿನೀರಿನ ಚೀಲ ಎಲ್ಲ ತಂದಿದ್ದ, ಕಿವಿಗೆ ಹಾಕುವ ಇಯರ್‌ಫೋನ್ ಒಂದನ್ನು ಬಿಟ್ಟು. ಅಷ್ಟರಲ್ಲಿ ನರ್ಸ್ ಬಂದು, ಒಳಗೆ ಇನ್ನೊಬ್ಬ ಹೆಣ್ಣುಮಗಳು ಹೆರಿಗೆಗೆ ಮಲಗಿದ್ದಾಳೆ, ನಡುವೆ ಪರದೆ ಒಂದೇ ಇರುವುದು, ಗಂಡಸರನ್ನು ಬಿಡಲು ಬರುವುದಿಲ್ಲ ಎಂದಳು. ಗಂಡ ತಾನು ಇದಕ್ಕೆಂದೇ ತರಬೇತಿ ಪಡೆದಿರುವುದಾಗಿ ಹೇಳಿ ಕಲಿಸುವಾಕೆ ಫೋನಿಗೆ ಕಳಿಸಿದ್ದ ಪ್ರಮಾಣಪತ್ರ ತೋರಿಸಿದ. ನರ್ಸ್ ಅದನ್ನು ಪೂರ್ತಿ ಓದಿ, ಪ್ರಮಾಣಪತ್ರ ಛಲೋ ಇದೆ, ಆದರೆ ನೀವು ಗಂಡಸರೇ ಅಲ್ಲವೇ ಎಂದು ಕೇಳಿದಳು.

ಹೆಂಗಸರು ಯಾರಾದರೂ ಬರಬಹುದು ಎಂದಳು ನರ್ಸ್. ಎಲ್ಲರೂ ಅವ್ವನನ್ನು ನೋಡಿದರು. ನಾನು ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ. ಆಮೇಲೆ ಗಾಲಿಯ ಮಂಚ ಒಳಗೆ ಹೋಗುವಾಗ ಪಕ್ಕದಲ್ಲಿ ಜೋಳದ ಹಿಟ್ಟಿನ ವಾಸನೆ ಬಂತು. ಅವ್ವ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ದೇವರ ಗುಡಿಗೆ ಬಂದವರಂತೆ ಬರಿಗಾಲಲ್ಲಿ ನನ್ನ ಹಿಂದೆ ಬರುತ್ತಿದ್ದಳು.

ಒಳಗೆ ಆಕೆ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಫೋನು ತೆಗೆದು ಧ್ವನಿಮುದ್ರಣ ಹಚ್ಚಿ ತಲೆದಿಂಬಿನ ಮೇಲಿಟ್ಟೆ. "ಉಸಿರು ತಗೋ!" ಎಂದು ನನ್ನ ಗಂಡ ಗರ್ಜಿಸಿದ. ಪರದೆಯ ಆಚೆ ನರಳುತ್ತಿದ್ದ ಹೆಣ್ಣುಮಗಳು ಗಪ್ಪನೆ ಸುಮ್ಮನಾಗಿ ಉಸಿರು ತೆಗೆದುಕೊಂಡದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಬಿಡು!" ಎಂದಾಗ ಬಿಟ್ಟಳು. ಎರಡು ಮೂರು ಸುತ್ತು ಹೀಗೆ ಆಕೆ ನನಗಿಂತ ಶಿಸ್ತಾಗಿ ಮಾಡಿದಳು. ಅಷ್ಟರಲ್ಲಿ ನರ್ಸ್ ಓಡಿ ಬಂದು, ಒಳಗೆ ಬಂದ ಗಂಡಸು ಯಾರು ಎಂದು ಮಂಚದ ಕೆಳಗೂ ಬಗ್ಗಿ ನೋಡಿದಳು. ಫೋನಿನ ವಿಷಯ ಗೊತ್ತಾದ ಮೇಲೆ ಅದನ್ನೂ ಹೊರಗೆ ಕಳಿಸಿದಳು. ಹೀಗೆ ನನ್ನ ಎರಡು ತಿಂಗಳ ತಯಾರಿ ಬಾಗಿಲ ಆಚೆ ಹೋಯಿತು.

ಮುಂದಿನ ಅಲೆ ಬಂದಾಗ ನನಗೆ ಏನೂ ನೆನಪಾಗಲಿಲ್ಲ. ಉಸಿರಿಲ್ಲ, ಹೂವಿಲ್ಲ, ದಂಡೆಯಿಲ್ಲ. ಮಂಚದ ಸರಳು ಹಿಡಿದು ಹಲ್ಲು ಕಚ್ಚಿದೆ. ಮೈ ಬಿಗಿಯಬೇಡ ಎಂದು ನರ್ಸ್ ಹೇಳಿದಷ್ಟೂ ಬಿಗಿಯಿತು. ಈಗ ಬಂತು, ಅವ್ವನನ್ನು ಒದರಿಸಿದ್ದು ಇದೇ, ಇನ್ನು ನನ್ನ ಗತಿ ಮುಗಿಯಿತು ಎಂದುಕೊಂಡೆ. ಆಗ ಅವ್ವನ ಕೈಗಳು ನನ್ನ ಕಣ್ಣಿಗೆ ಬಿದ್ದವು. ಗೋಡೆಗೆ ನಿಂತವಳು ಆ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಸೆರಗಿನಲ್ಲಿ ಒರೆಸುತ್ತಿದ್ದಳು, ಮತ್ತೆ ಒರೆಸುತ್ತಿದ್ದಳು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿತ್ತು.

"ಅವ್ವಾ," ಎಂದೆ, "ರೊಟ್ಟಿ ಬಡಿ."

ಮಗಳಿಗೆ ಬುದ್ಧಿ ಪಲ್ಲಟವಾಯಿತೆಂದು ಆಕೆ ನರ್ಸಿನ ಮುಖ ನೋಡಿದಳು. ನಾನು ಮತ್ತೆ ಅದನ್ನೇ ಹೇಳಿದೆ, ಈ ಸಲ ನನ್ನ ಎಂದಿನ ಸಿಟ್ಟಿನ ದನಿಯಲ್ಲಿ. ನನ್ನ ತಲೆದೆಸೆಗೆ ಔಷಧ ಇಡುವ ಒಂದು ಗಿಡ್ಡ ಕಟ್ಟಿಗೆಯ ಕಪಾಟಿತ್ತು. ಅವ್ವ ಬಂದು, ಅದರ ಮೇಲಿನ ಹತ್ತಿಯ ಡಬ್ಬಿ ಸರಿಸಿ, ನಾಚಿಕೊಂಡು ಬರಿಗೈಯಿಂದ ಒಂದೆರಡು ಸಲ ತಟ್ಟಿದಳು. ಮುಂದಿನ ಅಲೆ ಏಳುತ್ತಿತ್ತು. ಆಕೆಯ ಕೈ ಲಯಕ್ಕೆ ಬಿತ್ತು. ಮೊದಲು ನಡುವೆ ಮೆಲ್ಲಗೆ, ಆಮೇಲೆ ಅಂಚು ಹಿಡಿದು ಸುತ್ತ, ಆಮೇಲೆ ಪೂರ್ತಿ ಅಂಗೈಯಿಂದ ಪಟ ಪಟ ಪಟ ಎಂದು ಲಗೂ ಲಗೂ, ಕೊನೆಗೆ ಎತ್ತಿ ಹಂಚಿಗೆ ಹಾಕುವ ಮುನ್ನಿನ ಎರಡು ಹಗುರ ಏಟು. ಅಷ್ಟರಲ್ಲಿ ಅಲೆ ಇಳಿಯಿತು. ನನ್ನ ದವಡೆ ತಾನಾಗಿ ಬಿಟ್ಟಿತ್ತು. ಕೈ ಸರಳಿನಿಂದ ಜಾರಿ ಹಾಸಿಗೆಯ ಮೇಲೆ ಬಿದ್ದಿತ್ತು.

ನನ್ನ ಮೈ ಒಗ್ಗಿದ್ದು ಗಂಡನ ದನಿಗೆ ಅಲ್ಲವೇ ಅಲ್ಲ ಎಂದು ಆಗ ಗೊತ್ತಾಯಿತು. ಪಾಪ, ಆತ ಅಷ್ಟು ಕೂಗಿದ್ದು ದಂಡವಾಯಿತು. ನಾನು ದಿನವೂ ಮಲಗುತ್ತಿದ್ದದ್ದು ಆ ಸದ್ದು ಕೇಳುತ್ತ. ಎರಡು ತಿಂಗಳಿಂದ ಅಲ್ಲ, ತೊಟ್ಟಿಲಲ್ಲಿ ಇದ್ದಾಗಿನಿಂದ.

ಒಂದು ಅಲೆಗೆ ಒಂದು ರೊಟ್ಟಿ, ಹೀಗೆ ನಡೆಯಿತು. ಅವ್ವ ಈಗ ಗೋಡೆ ಬಿಟ್ಟು ಸ್ಟೂಲು ಎಳೆದುಕೊಂಡು ಕೂತಿದ್ದಳು. ಮುಖಕ್ಕೆ ಬಣ್ಣ ಬಂದಿತ್ತು. ಪರದೆಯ ಆಚೆಯವಳು, ಅಲ್ಲಿ ರೊಟ್ಟಿ ಮಾಡುತ್ತಿದ್ದಾರೇನ್ರಿ, ನನಗೆ ಹಸಿವಾಗುತ್ತಿದೆ ಎಂದು ದೀನವಾಗಿ ಕೇಳಿದಳು. ಡಾಕ್ಟರು ಬಂದು, ಕಪಾಟು ಬಡಿಯುತ್ತಿದ್ದ ಅವ್ವನನ್ನು ನೋಡಿದರು. ಆಮೇಲೆ ನನ್ನನ್ನು ಪರೀಕ್ಷೆ ಮಾಡಿ, ಬಹಳ ಚೆನ್ನಾಗಿ ಮುಂದುವರಿದಿದೆ, ಅಮ್ಮನವರು ಏನು ಮಾಡುತ್ತಿದ್ದಾರೋ ಅದನ್ನೇ ಮಾಡಲಿ ಎಂದರು. ಅವ್ವ ತಲೆ ಎತ್ತಲಿಲ್ಲ. ರೊಟ್ಟಿ ಬಡಿಯುವಾಗ ಆಕೆಯ ಕಣ್ಣು ಕೈಯ ಮೇಲೇ ಇರುತ್ತದೆ.

ನೋವು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಧಾರಾಳವಾಗಿ ಇತ್ತು. ಆದರೆ ನಾನು ಹೆದರಿಕೊಂಡಿದ್ದ ಆ ಎಮ್ಮೆ ಓಡಿಸುವ ನೋವು ಎಲ್ಲಿ ಎಂದು ಕಾಯುತ್ತಿದ್ದೆ. ಎರಡು ಅಲೆಗಳ ನಡುವೆ ಬಿಡುವು ಸಿಕ್ಕಾಗ, ಇಷ್ಟು ವರ್ಷ ಯಾರೂ ಕೇಳದ್ದನ್ನು ಕೇಳಿಬಿಟ್ಟೆ.

"ಅವ್ವಾ, ನಾ ಹುಟ್ಟೂ ಮುಂದ ನೀ ಯಾಕ ಹಂಗ ಒದರಿದಿ? ಅಷ್ಟ ಬ್ಯಾನಿ ಆಗಿತ್ತೇನು?"

ನಾನೇ ಹೊರಡಿಸಿದ್ದ ಹುಕುಂ ನಾನೇ ಮುರಿದೆ. ಅವ್ವನ ಕೈಗಳು ಕಪಾಟಿನ ಮೇಲೆ ನಿಂತವು.

"ಬ್ಯಾನಿಗೆ ಯಾಕ ಒದರ್ಲಿ," ಎಂದಳು. "ನಿಮ್ಮ ಅಜ್ಜಿ ಸೂಲಗಿತ್ತಿನ್ನ ಕರಿಯಾಕ ಹೋಗಿದ್ಲು. ಗಂಡಸ್ರನ್ನ ಹೊರಗ ಹಾಕಿದ್ರು. ಆ ಕ್ವಾಣ್ಯಾಗ ನಾ ಒಬ್ಬಾಕಿನ ಇದ್ನಿ. ಯಾರರ ಬರ್ಲಿ ಅಂತ ಒದರಿದ್ನಿ."

ಹತ್ತಿಯ ಡಬ್ಬಿಯನ್ನು ಇನ್ನಷ್ಟು ಅಂಚಿಗೆ ಸರಿಸಿದಳು.

"ಯಾರೂ ಬರ್ಲಿಲ್ಲ. ನೀ ಬಂದಿ."

ನನಗೆ ಅಳು ಬಂತು. ನಾನು ಇಷ್ಟು ವರ್ಷ ಅಂಜಿದ್ದು ಯಾವುದಕ್ಕೆ, ಆಕೆ ಅಂಜಿದ್ದು ಯಾವುದಕ್ಕೆ! ಅಷ್ಟು ಜನ ಅಷ್ಟು ಸಲ ನಕ್ಕ ಆ ಕೂಗು, ಒಬ್ಬಳೇ ಇದ್ದ ಹುಡುಗಿ ಯಾರನ್ನಾದರೂ ಕರೆದದ್ದಾಗಿತ್ತು. ತಾಯಿಯಿಲ್ಲದ ಹುಡುಗಿ ನಮ್ಮ ಅವ್ವ. ಚೊಚ್ಚಲಿಗೆ ಹೋಗಲು ಅವಳಿಗೆ ತವರು ಇರಲಿಲ್ಲ. ಅಂಥವಳು ನನಗಾಗಿ ಬರಿಗಾಲಲ್ಲಿ ಆ ಹೊಸ್ತಿಲು ದಾಟಿ ಬಂದಿದ್ದಳು. ನಾನು ಅವಳ ಕೈ ಹಿಡಿದುಕೊಳ್ಳಲು ಹೋದೆ. ಮುಂದಿನ ಅಲೆ ಬಂತು, ಆಕೆ ಕೈ ಬಿಡಿಸಿಕೊಂಡು ಬಡಿಯತೊಡಗಿದಳು.

ಕೊನೆಯ ಹೊತ್ತಿಗೆ ಅಲೆಗಳು ಒಂದರ ಮೇಲೊಂದು ಹೇರಿಕೊಂಡು ಬಂದವು. ಅವ್ವನಿಗೆ ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಉಂಡೆ ಹಿಡಿಯಲೂ ಪುರುಸೊತ್ತು ಸಿಗಲಿಲ್ಲ. ನರ್ಸ್ ಜೋರು ಹಾಕು ಎಂದಳು. ನಾನು ಜೋರು ಹಾಕುತ್ತ, ಪಾಠದಲ್ಲಿ ಕಲಿತಂತೆ ತುಟಿ ಮುಚ್ಚಿ ಶಾಂತವಾಗಿ ಉಸಿರು ಬಿಡಲು ನೋಡಿದೆ. ಕೂಗು ಗಂಟಲವರೆಗೆ ಬಂದು ನಿಂತಿತ್ತು. ಅವ್ವ ಬಗ್ಗಿ ನನ್ನ ಮುಖ ನೋಡಿದಳು.

"ಒದರು," ಎಂದಳು. "ನಾ ಇಲ್ಲೇ ಅದೀನಿ."

ಒದರಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ, ಕಾಲೇಜಿನ ಹುಡುಗರಿಗೆ ಗೊತ್ತಿದ್ದಿರಬಹುದು. ಮಗಳು ಹುಟ್ಟಿದಳು. ಆಕೆಯೂ ಹುಟ್ಟುತ್ತಲೇ ಒದರಿದಳು, ನನ್ನ ಮಗಳು, ಅವ್ವನ ಮೊಮ್ಮಗಳೇ ಸರಿ ಎನ್ನುವಂತೆ.

ಹೊರಗಿನವರಿಗೆ ಮಾತ್ರ ಇದ್ಯಾವುದೂ ಕೇಳಿಸಲಿಲ್ಲ. ಗಂಡ ಧೈರ್ಯಕ್ಕೆಂದು ತನ್ನದೇ ಧ್ವನಿಮುದ್ರಣ ಹಚ್ಚಿಕೊಂಡು ಕೂತಿದ್ದನಂತೆ. ನರ್ಸ್ ಸಿಹಿ ಸುದ್ದಿ ಹೇಳಲು ಹೋದಾಗ ಅಪ್ಪ, ಅಳಿಯ ಇಬ್ಬರೂ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒರಗಿ ಬಾಯಿ ಬಿಟ್ಟು ನಿದ್ದೆ ಹೋಗಿದ್ದರು. ನಡುವೆ ಇದ್ದ ಫೋನು "ಭುಜ ಸಡಿಲ!" ಎನ್ನುತ್ತಿತ್ತು.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು. ಸೋದರತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಇದರ ತಾಯಿ ಹುಟ್ಟುವಾಗ ಏನಾಗಿತ್ತು ಗೊತ್ತೇನು ಎಂದು ರಾಗ ತೆಗೆದಳು. ಎಮ್ಮೆ ಕಣ್ಣಿ ಹರಿಯುವ ಮೊದಲೇ ಅವ್ವ ಒಲೆಯ ನೆಪ ಹೇಳಿ ಏಳತೊಡಗಿದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ. ಎಲ್ಲರ ಮುಂದೆ, ಅವ್ವ ಒದರಿದ್ದು ನೋವಿಗಲ್ಲ, ಒಳಗೆ ಒಬ್ಬಳೇ ಇದ್ದಳು, ಯಾರಾದರೂ ಬರಲಿ ಎಂದು ಕರೆದಳು ಎಂದು ಹೇಳಿಬಿಟ್ಟೆ. ಸಿಟ್ಟಿನಲ್ಲಿ ಹೇಳಬೇಕೆಂದಿದ್ದೆ. ದನಿ ನಡುವೆ ಒಡೆದು ಹೋಯಿತು.

ಸೋದರತ್ತೆ ಕೂಸಿನ ಕುಲಾವಿ ಸರಿಮಾಡಿದಳು.

"ಲಗ್ನ ಆಗದ ಹುಡುಗ್ಯಾರು ಒಳಗ ಹೋಗಬಾರ್ದು ಅಂದಿದ್ರವ್ವಾ," ಎಂದಳು ಅವ್ವನಿಗೆ. "ನಾ ಬಾಗಲದಾಗ ಕಿವಿ ಮುಚಗೊಂಡು ಕುಂತಿದ್ನಿ."

ಅವ್ವ ತಟ್ಟೆಯಲ್ಲಿದ್ದ ಅಂಟಿನುಂಡೆಯೊಂದನ್ನು ಮುರಿದು, ಅರ್ಧ ನಾದಿನಿಯ ಕೈಗೆ ಕೊಟ್ಟು, ಅರ್ಧ ತಾನು ತಿಂದಳು.

ಆ ಕಥೆ ಮತ್ತೆ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಆದರೆ ಸೋದರತ್ತೆಗೆ ಕಥೆ ಇಲ್ಲದೆ ಚಹಾ ಇಳಿಯುವುದಿಲ್ಲವಲ್ಲ. ಈಗ ಆಕೆ ರೊಟ್ಟಿಯ ಕಥೆ ಹೇಳುತ್ತಾಳೆ. ಮೊದಲು ಬರೀ ಕಪಾಟಿತ್ತು. ಮಗಳು ತೆವಳುವಷ್ಟರಲ್ಲಿ ಹೆರಿಗೆ ಕೋಣೆಗೆ ಜೋಳದ ಹಿಟ್ಟು, ಹಂಚು, ಒಲೆ ಎಲ್ಲ ಬಂದವು. ಮೊನ್ನೆ ಮೊನ್ನೆ ಡಾಕ್ಟರು ಶೇಂಗಾದ ಚಟ್ನಿಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದು, ಪರದೆಯ ಆಚೆಯ ಬಾಣಂತಿಗೂ ಕಟ್ಟಿಸಿ ಕೊಟ್ಟರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವ್ವ ಅಲ್ಲೇ ಕೂತು, ಒಲೆ ಇರಲಿಲ್ಲ, ಹಂಚು ಇರಲಿಲ್ಲ, ಬರೀ ಕಟ್ಟಿಗೆಯ ಕಪಾಟು, ಅದೂ ಒಂದು ಕಾಲು ಗಿಡ್ಡ ಎಂದು ತಿದ್ದುತ್ತಾಳೆ. ಮೊನ್ನೆ ಹೀಗೆ ಹೇಳುತ್ತಿರುವಾಗ ಒಲೆಯ ಮೇಲೆ ನಿಜವಾಗಿಯೂ ಹಾಲು ಇತ್ತು. ಅದು ಉಕ್ಕಿ ಕಟ್ಟೆಯ ತುಂಬ ಹರಿದು ಸೀದ ವಾಸನೆ ಪಡಸಾಲೆಯವರೆಗೂ ಬಂತು. ಅವ್ವ ಏಳಲಿಲ್ಲ.